ಬರೆದಾಯಿತು ಎಂದ ಪೆಟ್ಟಿಗೆ

ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ ನಮ್ಮ ಪರಿಚಯದವರ ಮಗಳೊಬ್ಬಳು ಮೊನ್ನೆ ಸ್ಟೋರೇಜ್ ಕಂಪನಿಯೊಂದರಲ್ಲಿ ಡ್ರೈವರ್ ಬರೆಯುವ ಕೆಲಸಕ್ಕೆ ಸೇರಿದಳು. ಹುಡುಗಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಾತ್ರ ಇಂಗ್ಲಿಷು. "ಆಂಟಿ, ಇಟ್ಸ್ ಎ ಬಿಟ್ ಬೋರಿಂಗ್, ನೋ?" ಎಂದು ಕೇಳಿದಳು. ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟೆ. ಬೋರಿಂಗಂತೆ! ನಾನು ನನ್ನ ಆಯುಷ್ಯದಲ್ಲಿ ಬೆಚ್ಚಿಬಿದ್ದಿದ್ದೆಲ್ಲ ಹೆಚ್ಚುಕಡಿಮೆ ಈ ಕೆಲಸದಲ್ಲೇ. ಹೆರಿಗೆಯಲ್ಲೂ ಅಷ್ಟು ಗಾಬರಿಯಾಗಿರಲಿಲ್ಲ. ಅವಳಿಗೆ ಅಂದು ಸರಿಯಾಗಿ ಉತ್ತರ ಕೊಡಲಾಗಲಿಲ್ಲವೆಂದು ಈಗ ಬರೆಯುತ್ತಿದ್ದೇನೆ. ನನಗೆ ಯಾವಾಗ ಯಾವ ಹುದ್ದೆ ಸಿಕ್ಕಿತು, ಯಾವ ಫಲಕ ಕೊಟ್ಟರು ಎಂಬುದೆಲ್ಲ ಇದರಲ್ಲಿಲ್ಲ. ಅದನ್ನು ಓದಿ ಯಾರಿಗೂ ಏನೂ ಆಗಬೇಕಾಗಿಲ್ಲ.

ಮೊದಲು ಕೆಲಸ ಏನೆಂದು ಹೇಳಿಬಿಡುತ್ತೇನೆ. ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಂಗೆ ಡಿಸ್ಕಿನ ಮುಖಪರಿಚಯವೇ ಇರುವುದಿಲ್ಲ. "ಇದನ್ನು ಬರೆದಿಡು" ಎಂದು ಅಪ್ಪಣೆ ಮಾಡುವುದಷ್ಟೇ ಅದಕ್ಕೆ ಗೊತ್ತು. ಡಿಸ್ಕಿಗೂ ಆಪರೇಟಿಂಗ್ ಸಿಸ್ಟಂ ಗೊತ್ತಿಲ್ಲ. ಇವೆರಡರ ಮಧ್ಯೆ ಅಡಾಪ್ಟರ್ ಎನ್ನುವ ಕಾರ್ಡು ಇರುತ್ತದೆ. ಅದು ಕಂಪ್ಯೂಟರಿನೊಳಗೆ ಸಿಕ್ಕಿಕೊಂಡಿರುತ್ತದೆ, ಅದರಿಂದ ಹೊರಟ ಅಗಲವಾದ ಕೇಬಲ್ಲಿನಲ್ಲಿ ಡಿಸ್ಕುಗಳು ಸಾಲಾಗಿ ಕೂತಿರುತ್ತವೆ. ಅಪ್ಪಣೆಯನ್ನು ಆ ಕಾರ್ಡಿಗೆ ತಿಳಿಯುವ ಹಾಗೆ ಹೇಳಿ, ಕಾರ್ಡು ಕೊಟ್ಟ ಉತ್ತರವನ್ನು ಹಾಗೆಯೇ ತಂದು ಒಪ್ಪಿಸುವ ಪ್ರೋಗ್ರಾಮಿಗೆ ಡ್ರೈವರ್ ಎಂದು ಹೆಸರು. ಕಾಗದವನ್ನು ಪೋಸ್ಟಿಗೆ ಹಾಕಿ ಬಾ ಎಂದು ಮನೆಯವರನ್ನು ಕಳಿಸುತ್ತೇವಲ್ಲ, ಹಾಗೆ. ಹೋದವರು ವಾಪಸ್ ಬಂದು "ಹಾಕಿದೆ" ಎಂದರೆ ನಾವು ಡಬ್ಬದ ಬಳಿ ಹೋಗಿ ನೋಡುವುದಿಲ್ಲ, ನಂಬುತ್ತೇವೆ.

ಡಾಟ್‌ಕಾಂ ವರ್ಷಗಳು. ಬೇ ಏರಿಯಾದಲ್ಲಿ ಇಂಟರ್ನೆಟ್ಟಿನ ಮೇಲೆ ನಾಯಿಗೆ ಬಿಸ್ಕತ್ತು ಮಾರುವವರೂ ಕೋಟ್ಯಧೀಶರಾಗುತ್ತೇವೆಂದು ಓಡಾಡುತ್ತಿದ್ದ ಕಾಲ. ನಾನು ಸೇರಿದ್ದು ಫ್ರೀಮಾಂಟಿನಲ್ಲಿ ಅಡಾಪ್ಟರ್ ಮಾಡುತ್ತಿದ್ದ ಒಂದು ಸಣ್ಣ ಕಂಪನಿಗೆ. ನನ್ನ ಮೇಲಿನವನು ಡಗ್ ಅಂತ, ನೀಳವಾದ ಅಮೆರಿಕನ್, ಬೇಸಿಗೆಯಲ್ಲೂ ಸ್ವೆಟರ್ ಬಿಚ್ಚುತ್ತಿರಲಿಲ್ಲ. ಮೊದಲ ದಿನ ಲ್ಯಾಬಿಗೆ ಹೋದಾಗ ಅವನು ಸರಿಯಾಗಿ ತಿರುಗದ ಒಂದು ಡಿಸ್ಕಿಗೆ ಅಂಗೈಯಿಂದ ಫಟ್ಟೆಂದು ಬಾರಿಸುತ್ತಿದ್ದ. ಅರಸೀಕೆರೆಯಲ್ಲಿ ನಮ್ಮಪ್ಪ ರೇಡಿಯೋಗೆ ಬಾರಿಸುತ್ತಿದ್ದದ್ದು ಹೀಗೆಯೇ. ಇದಕ್ಕೆ ಅಷ್ಟು ದೂರ ಬರಬೇಕಿತ್ತೇ ಎಂದು ಪೆಚ್ಚಾದೆ. ಎರಡೇಟಿಗೆ ಡಿಸ್ಕು ತಿರುಗಿತು, ನಾನು ಇನ್ನಷ್ಟು ಪೆಚ್ಚಾದೆ.

ಆದರೆ ಡಗ್‌ನಷ್ಟು ಚೆನ್ನಾಗಿ ಕಲಿಸಿದವರನ್ನು ನಾನು ಕಾಣೆ. ಕೇಬಲ್ಲಿನ ಕೊನೆಯಲ್ಲಿ ಒಂದು ಪುಟ್ಟ ಮುಚ್ಚಳ ಹಾಕಬೇಕು, ಇಲ್ಲದಿದ್ದರೆ ಸಂಕೇತಗಳು ತುದಿಗೆ ಹೊಡೆದು ಹಿಂದಕ್ಕೆ ಬಂದು ಎಲ್ಲವೂ ಕಲಸಿಹೋಗುತ್ತದೆ. ನಾನು ಒಂದು ವಾರ ನನ್ನ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿ ಕಣ್ಣು ಕೆಂಪು ಮಾಡಿಕೊಂಡಾಗ ಡಗ್ ಬಂದು, ಒಂದು ಮಾತೂ ಆಡದೆ, ಮುಚ್ಚಳ ತಂದು ಸಿಕ್ಕಿಸಿ ಹೋದ. ಇನ್ನೊಮ್ಮೆ ಎರಡು ಡಿಸ್ಕಿಗೂ ಒಂದೇ ನಂಬರು ಕೊಟ್ಟುಬಿಟ್ಟಿದ್ದೆ. ಒಂದನ್ನು ಕರೆದರೆ ಎರಡೂ ಓ ಎನ್ನುತ್ತಿದ್ದವು. ಆಗಲೂ ಅವನು ಬೈಯಲಿಲ್ಲ. ಅವನು ಪದೇ ಪದೇ ಹೇಳುತ್ತಿದ್ದದ್ದು ಒಂದನ್ನೇ. ಡ್ರೈವರ್ ನಿಧಾನವಾದರೂ ಪರವಾಗಿಲ್ಲ, ಕೆಟ್ಟು ನಿಂತರೂ ಪರವಾಗಿಲ್ಲ, ಆಗದ ಕೆಲಸವನ್ನು ಆಯಿತು ಎನ್ನಬಾರದು.

ಅದಕ್ಕೆ ಕಾರಣವಿತ್ತು. ನಮ್ಮ ಕಾರ್ಡಿನ ಮೇಲೆ ಮೆಮೊರಿ ಚಿಪ್ಪುಗಳಿದ್ದವು. ಬರೆಯಲು ಕೊಟ್ಟದ್ದನ್ನು ಕಾರ್ಡು ಮೊದಲು ಅಲ್ಲಿ ಇಟ್ಟುಕೊಂಡು, ಪುರುಸೊತ್ತಾದಾಗ ಡಿಸ್ಕಿಗೆ ಸಾಗಿಸುತ್ತಿತ್ತು. ಅಷ್ಟರಲ್ಲಿ ಕರೆಂಟು ಹೋದರೆ ಚಿಪ್ಪಿನಲ್ಲಿದ್ದದ್ದೆಲ್ಲ ಗೋತಾ. ಆದ್ದರಿಂದ ಮುಖ್ಯವಾದ ಸಂಗತಿ ಇದ್ದಾಗ ಆಪರೇಟಿಂಗ್ ಸಿಸ್ಟಂ "ಡಿಸ್ಕಿಗೇ ಬರೆ, ಬರೆದ ಮೇಲೆ ಹೇಳು" ಎನ್ನುತ್ತದೆ. ಡ್ರೈವರ್ ಅದನ್ನು ಕಾರ್ಡಿಗೆ ದಾಟಿಸಿ, ಡಿಸ್ಕಿನ ತಟ್ಟೆಯ ಮೇಲೆ ಬರೆದು ಮುಗಿಯುವವರೆಗೆ ಕಾಯಬೇಕು. ಕಾಯುವುದೇ ಅದರ ಕೆಲಸ.

ಇದನ್ನು ಪರೀಕ್ಷಿಸಲು ನನ್ನದೊಂದು ಪದ್ಧತಿ ಇತ್ತು. ಡಿಸ್ಕಿಗೆ ಬರೆಯಲು ಕೊಟ್ಟು, "ಆಯಿತು" ಎಂಬ ಉತ್ತರ ಬಂದ ಕ್ಷಣಕ್ಕೆ ಗೋಡೆಯಿಂದ ಪ್ಲಗ್ಗು ಕಿತ್ತುಬಿಡುವುದು. ಮತ್ತೆ ಹಾಕಿ, ಬರೆದದ್ದು ಇದೆಯೇ ನೋಡುವುದು. ಅರಸೀಕೆರೆಯಲ್ಲಿ ಬೆಳೆದವಳಿಗೆ ಕರೆಂಟು ಇರುವುದೇ ಹೋಗುವುದಕ್ಕೆ. ಲ್ಯಾಬಿನ ಅಮೆರಿಕನ್ನರಿಗೆ ಇದು ದೊಡ್ಡ ತಮಾಷೆ. ನಾನು ಒಳಗೆ ಬಂದರೆ ಸಾಕು, ಎಲ್ಲರೂ ತಮ್ಮ ತಮ್ಮ ಪ್ಲಗ್ಗಿಗೆ ಕೈ ಅಡ್ಡ ಹಿಡಿಯುತ್ತಿದ್ದರು. ನನ್ನ ಜೊತೆ ಕೆಲಸ ಮಾಡುತ್ತಿದ್ದ ಹುಬ್ಬಳ್ಳಿಯ ಶಿವಾನಂದ ಒಬ್ಬನೇ ನಗದೆ, ತಾನೂ ಒಂದು ಪ್ಲಗ್ಗು ಕೀಳುತ್ತಿದ್ದ.

ಆಮೇಲೆ ಕ್ಯಾಲಿಫೋರ್ನಿಯಾದಲ್ಲಿ ಕರೆಂಟು ಹೋಯಿತು. ಒಂದು ಸಲ ಅಲ್ಲ, ಸರದಿಯ ಮೇಲೆ, ಇವತ್ತು ಈ ಊರು ನಾಳೆ ಆ ಊರು ಅಂತ, ಥೇಟ್ ನಮ್ಮ ಲೋಡ್ ಶೆಡ್ಡಿಂಗು. ಅಪಾರ್ಟ್‌ಮೆಂಟಿನಲ್ಲಿ ಹಗಲಲ್ಲೇ ಫ್ರಿಜ್ಜು ನಿಂತಾಗ ನನ್ನ ಮಗಳು "ಅಮ್ಮಾ, ಈಸ್ ಇಟ್ ಬ್ರೋಕನ್?" ಎಂದು ಅಳಲು ಶುರು ಮಾಡಿದಳು. ರಾತ್ರಿಗಿರಲಿ ಎಂದು ನನ್ನ ಗಂಡ ಮೋಂಬತ್ತಿ ಹುಡುಕಿದರು, ಮನೆಯಲ್ಲಿ ಒಂದೂ ಇರಲಿಲ್ಲ. ಅಮೆರಿಕಕ್ಕೆ ಬಂದವರು ಮೋಂಬತ್ತಿ ಯಾಕೆ ಇಟ್ಟುಕೊಳ್ಳುತ್ತಾರೆ? ದಾರಿಯಲ್ಲಿ ಟ್ರಾಫಿಕ್ ಲೈಟು ಆರಿದ್ದನ್ನು ನೋಡಿ ಆಫೀಸಿಗೆ ಬಂದವರ ಮುಖಗಳನ್ನು ನೋಡಬೇಕಿತ್ತು. ನನಗೂ ದಿಗಿಲಾಯಿತು. ಈ ದೇಶದಲ್ಲಿ ಹೀಗಾಗುವುದಿಲ್ಲ ಎಂದು ನಾನೂ ಒಳಗೊಳಗೆ ನಂಬಿದ್ದೆ ಅಂತ ಕಾಣುತ್ತದೆ.

ಅದೇ ದಿನಗಳಲ್ಲಿ ನಮ್ಮ ಗುಡ್ಡದಾಚೆಯ ಊರು ಡಬ್ಲಿನ್ನಿನ ಒಂದು ಡಯಾಲಿಸಿಸ್ ಕ್ಲಿನಿಕ್ಕಿನಿಂದ ದೂರು ಬಂತು. ಅವರ ಸರ್ವರಿನಲ್ಲಿದ್ದದ್ದು ನಮ್ಮ ಕಾರ್ಡು, ನಮ್ಮ ಡ್ರೈವರು. ಮ್ಯಾನೇಜರ್ ಕ್ಯಾರಲ್ ಎಂಬಾಕೆ ಫೋನಿನಲ್ಲಿ ಸಂಗತಿ ಹೇಳಿದಳು. ರೋಸ್ ಅಂತ ಒಬ್ಬ ಫಿಲಿಪೀನ್ಸಿನ ನರ್ಸು. ಒಬ್ಬ ವೃದ್ಧ ರೋಗಿಗೆ ಡಯಾಲಿಸಿಸ್ ನಡೆಯುತ್ತಿದ್ದಾಗ ರಕ್ತದೊತ್ತಡ ಕುಸಿದು, ಆಕೆ ಮಧ್ಯದಲ್ಲೇ ನಿಲ್ಲಿಸಿದ್ದಾಳೆ. ಡ್ಯೂಟಿ ಮುಗಿಯುವಾಗ ಅದನ್ನೆಲ್ಲ ಕಂಪ್ಯೂಟರಿಗೆ ಹಾಕಿದೆ ಎನ್ನುತ್ತಾಳೆ. ಅದರ ಬೆನ್ನಿಗೇ ಆ ಬಡಾವಣೆಯ ಸರದಿ ಬಂದು ಕರೆಂಟು ಹೋಗಿದೆ. ಜನರೇಟರು ಇದ್ದದ್ದು ಡಯಾಲಿಸಿಸ್ ಯಂತ್ರಗಳಿಗೆ, ಸರ್ವರಿಗಲ್ಲ. ಮುಂದಿನ ಡಯಾಲಿಸಿಸ್ಸಿಗೆ ರೋಗಿ ಬಂದಾಗ ಅಲ್ಲಿದ್ದದ್ದು ಬೇರೆ ನರ್ಸು. ಪರದೆಯ ಮೇಲೆ ಹಿಂದಿನ ತೊಂದರೆಯ ಸುಳಿವೇ ಇಲ್ಲ. ಎಂದಿನಂತೆ ಯಂತ್ರ ಹಚ್ಚಿದ್ದಾರೆ. ಆ ಮನುಷ್ಯ ಕುರ್ಚಿಯಲ್ಲೇ ಪ್ರಜ್ಞೆ ತಪ್ಪಿ ಆಸ್ಪತ್ರೆ ಸೇರಿ, ಸಾವಿನ ಬಾಯಿಂದ ವಾಪಸ್ ಬಂದಿದ್ದಾನೆ.

ಹಾಗಾದರೆ ಕಾಗದದ ಮೇಲೆ ಏನಿದೆ ಎಂದು ಕೇಳಿದೆ. ಕಾಗದವೇ ಇಲ್ಲ ಎಂದಳು ಕ್ಯಾರಲ್, ಸ್ವಲ್ಪ ಹೆಮ್ಮೆಯಿಂದಲೇ. ಅವರದು ಕಾಗದವಿಲ್ಲದ ಕ್ಲಿನಿಕ್ಕಂತೆ. ರೋಸಳನ್ನು ಕೆಲಸದಿಂದ ದೂರ ಇಟ್ಟಿದ್ದರು. ಬರೆಯದೇ ಬರೆದೆ ಎಂದು ಸುಳ್ಳು ಹೇಳುತ್ತಿದ್ದಾಳೆಂದು ನರ್ಸಿಂಗ್ ಮಂಡಳಿಗೆ ದೂರು ಹೋಗುವುದಿತ್ತು. ಹೋದರೆ ಲೈಸೆನ್ಸು ಹೋಗುತ್ತದೆ. ಅದಕ್ಕೆ ಮುಂಚೆ ಸರ್ವರಿನಲ್ಲಿ ಏನೂ ದೋಷವಿಲ್ಲವೆಂದು ಕಂಪನಿಯವರು ಬಂದು ಹೇಳಬೇಕು, ಅಷ್ಟೇ ಕ್ಯಾರಲ್‌ಗೆ ಬೇಕಾಗಿದ್ದದ್ದು. ನಮ್ಮ ಡ್ರೈವರಿನಿಂದ ಹಾಗಾಗುವುದು ಸಾಧ್ಯವಿಲ್ಲ, ಆದರೂ ಬಂದು ನೋಡುತ್ತೇನೆ ಎಂದೆ. ಆ ಡ್ರೈವರನ್ನು ಬರೆದವಳೇ ನಾನು, ಪ್ಲಗ್ಗು ಕಿತ್ತವಳೂ ನಾನು.

ಸುನೋಲ್ ಗುಡ್ಡ ಹತ್ತಿ ಇಳಿದು ಡಬ್ಲಿನ್ ತಲುಪುವಷ್ಟರಲ್ಲಿ ಫ್ರೀವೇ ಟ್ರಾಫಿಕ್ಕಿನಲ್ಲಿ ಅರ್ಧ ಬೆಳಗು ಕಳೆದಿತ್ತು. ಕ್ಯಾರಲ್ ಜೊತೆ ರೋಸಳೂ ಇದ್ದಳು, ಕರೆಸಿದ್ದರು. ಗಿಡ್ಡ ಹೆಂಗಸು, ನನ್ನದೇ ವಯಸ್ಸು, ಕೆಲಸದಿಂದ ಹೊರಗಿಟ್ಟಿದ್ದರೂ ಇಸ್ತ್ರಿ ಮಾಡಿದ ನರ್ಸ್ ಅಂಗಿ ಹಾಕಿಕೊಂಡು ಬಂದಿದ್ದಳು. ಒಂದು ಪರೀಕ್ಷಾ ದಾಖಲೆ ತೆರೆಸಿ, ಅವತ್ತು ಏನೇನು ಮಾಡಿದಿರೋ ಹಾಗೆಯೇ ಮಾಡಿ ಎಂದೆ. ಅವಳು ಒಂದೊಂದೇ ಅಂಕಿ ಒತ್ತಿದಳು, ಕೊನೆಗೆ ಸೇವ್ ಒತ್ತಿದಳು. ಪರದೆಯ ಮೇಲೆ "ಬರೆದಾಯಿತು" ಎಂಬ ಒಕ್ಕಣೆ ಬಂತು. ನಾನು ಬಗ್ಗಿ ಸರ್ವರಿನ ಪ್ಲಗ್ಗು ಕಿತ್ತೆ. ಕ್ಯಾರಲ್ ಹೌಹಾರಿ ಎದ್ದು ನಿಂತಳು.

ಮತ್ತೆ ಹಾಕಿ, ಸರ್ವರು ಎದ್ದ ಮೇಲೆ ದಾಖಲೆ ತೆಗೆದೆವು. ಖಾಲಿ. ಅಂಕಿಯೂ ಇಲ್ಲ, ಸಮಯವೂ ಇಲ್ಲ. ಇನ್ನೊಮ್ಮೆ ಮಾಡಿಸಿದೆ. ಇನ್ನೊಮ್ಮೆಯೂ ಖಾಲಿ. ನನ್ನ ಲ್ಯಾಬಿನಲ್ಲಿ ಹೀಗೆ ಒಮ್ಮೆಯೂ ಆಗಿರಲಿಲ್ಲ. ರೋಸ್ ಕುಣಿದಾಡಲಿಲ್ಲ, ಕ್ಯಾರಲ್ ಕಡೆ ನೋಡಲೂ ಇಲ್ಲ. ಮೆಲ್ಲಗೆ ಕುರ್ಚಿಯಲ್ಲಿ ಕೂತು ನನ್ನನ್ನು ಕೇಳಿದಳು. ಮಾತು ಇಂಗ್ಲಿಷಿನಲ್ಲಿ, ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ನನಗೇ ಅನುಮಾನ ಬಂದುಬಿಟ್ಟಿತ್ತು. ನಾನು ನಿಜವಾಗ್ಲೂ ಬರೆದಿದ್ದೆ ಅಲ್ವಾ?"

ಬರೆದಿದ್ದಿರಿ ಎಂದೆ. ಕ್ಯಾರಲ್ ಮಾತ್ರ, ಇದು ಕಂಪನಿಯ ಅಭಿಪ್ರಾಯವೇ ಅಥವಾ ನಿನ್ನದೇ ಎಂದು ಕೇಳಿದಳು. ಕಂಪನಿಯ ಮಾತು ಬರುವವರೆಗೆ ಮಂಡಳಿಗೆ ಹೋಗುವ ದೂರನ್ನು ಕೈಬಿಡಲಾರೆ, ಸೋಮವಾರದವರೆಗೆ ಮಾತ್ರ ತಡೆಹಿಡಿಯುತ್ತೇನೆ ಎಂದಳು.

ಆಫೀಸಿಗೆ ವಾಪಸ್ ಬಂದು ಅದೇ ಥರದ ಕಾರ್ಡು, ಅದೇ ಥರದ ಡಿಸ್ಕು ಜೋಡಿಸಿ, ನನ್ನ ಬಳಿಯಿದ್ದ ಡ್ರೈವರು ಹಾಕಿ ಪ್ಲಗ್ಗು ಕಿತ್ತೆ. ಬರೆದದ್ದು ಕದಲದೆ ಇತ್ತು. ಹಾಗಾದರೆ ಉಳಿದದ್ದು ಡ್ರೈವರು. ಕ್ಲಿನಿಕ್ಕಿನಿಂದ ನಕಲು ತಂದಿದ್ದೆ. ನನ್ನ ಡ್ರೈವರಿನ ಪಕ್ಕದಲ್ಲಿಟ್ಟೆ. ಆವೃತ್ತಿಯ ಸಂಖ್ಯೆ ಒಂದೇ, ಒಳಗೆ ಬರೆದವರ ಹೆಸರು ವಿಮಲಾ, ಅಂದರೆ ನಾನು, ಅದೂ ಒಂದೇ. ಗಾತ್ರ ಮಾತ್ರ ಬೇರೆ. ಬಿಡಿಸಿ ನೋಡಿದರೆ, "ಡಿಸ್ಕಿಗೇ ಬರೆ" ಎಂಬ ಅಪ್ಪಣೆ ಬಂದಾಗ ಕಾರ್ಡನ್ನು ಕೇಳುವ ಭಾಗವೇ ಇಲ್ಲ. ಅಪ್ಪಣೆ ಬಂದ ಕೂಡಲೇ ಡ್ರೈವರು ತಾನಾಗಿಯೇ "ಆಯಿತು" ಎಂದುಬಿಡುತ್ತಿತ್ತು. ಯಾರೋ ನನ್ನ ಹೆಸರಿನ ಡ್ರೈವರಿಗೆ ಸುಳ್ಳು ಹೇಳಲು ಕಲಿಸಿದ್ದರು. ಮನೆಗೆ ಕಳ್ಳ ನುಗ್ಗಿ ಏನೂ ಕದಿಯದೆ ನಮ್ಮ ಮಗುವಿಗೆ ಕೆಟ್ಟ ಮಾತು ಕಲಿಸಿ ಹೋದರೆ ಹೇಗಿರುತ್ತದೆ, ನನಗೆ ಹಾಗಾಯಿತು.

ಗ್ರಾಹಕರಿಗೆ ಹೋಗುವ ಪ್ರತಿಗಳನ್ನು ಸಿದ್ಧಮಾಡುತ್ತಿದ್ದವನು ಶಿವಾನಂದ. ಪಾರ್ಕಿಂಗ್ ಲಾಟಿಗೆ ಕರೆದುಕೊಂಡು ಹೋಗಿ ಕೇಳಿದೆ.

"ಅಕ್ಕಾರ, ಡಗ್ ಬದಲ್ ಮಾಡಿ ಕೊಟ್ಟಾ, ನಾ ಕಳಿಸಿದೆ. ನಿಮಗ ಹೇಳಬೇಕಂತ ಭಾಳ ಸಲ ಬಂದೆ, ಬಾಯೇ ಬರಲಿಲ್ಲ. ನನ್ನ ವೀಸಾ ಅವರ ಕೈಯಾಗ ಅದರೀ."

ಅವನ ಮೇಲೆ ಸಿಟ್ಟು ಮಾಡಲು ನನಗೆ ಆಗಲಿಲ್ಲ. ಕೆಲಸ ಹೋದರೆ ಅವನು ಗಂಟುಮೂಟೆ ಕಟ್ಟಬೇಕಿತ್ತು, ಮನೆಯಲ್ಲಿ ಬಸುರಿ ಹೆಂಡತಿ. ನಿನ್ನ ಹೆಸರು ಎಲ್ಲೂ ಬರುವುದಿಲ್ಲ ಎಂದೆ, ಆಗ ಬರಲೂ ಇಲ್ಲ. ಆದರೆ ಡಗ್? ಆ ಹೆಸರು ಕೇಳಿ ನಾನು ಯಾರದೋ ಕಾರಿಗೆ ಒರಗಿ ನಿಂತುಬಿಟ್ಟೆ. ಬೇರೆ ಯಾರ ಹೆಸರು ಹೇಳಿದ್ದರೂ ಇಷ್ಟು ದಿಗ್ಭ್ರಮೆಯಾಗುತ್ತಿರಲಿಲ್ಲ.

ಡಗ್ ಅಲ್ಲಗಳೆಯಲಿಲ್ಲ. ಬಾಗಿಲು ಮುಚ್ಚಿ, ಕೂರಲು ಹೇಳಿ, ನಿಧಾನವಾಗಿ ವಿವರಿಸಿದ, ಹೊಸ ಪಾಠ ಹೇಳುವವನ ಹಾಗೆ. ಕಂಪ್ಯೂಟರ್ ಪತ್ರಿಕೆಯೊಂದು ಅಡಾಪ್ಟರುಗಳ ವೇಗದ ಸ್ಪರ್ಧೆ ನಡೆಸಿತ್ತಂತೆ. ಬೇರೆ ಕಂಪನಿಗಳ ಡ್ರೈವರುಗಳು ಕಾಯುವುದಿಲ್ಲವೆಂದು ಅವನಿಗೆ ಗೊತ್ತಾಗಿತ್ತು. ಕಾಯುವ ನಾವು ಕಡೆಯಲ್ಲಿ ನಿಲ್ಲುತ್ತಿದ್ದೆವು, ಕಡೆಯಲ್ಲಿ ನಿಂತರೆ ಕಂಪನಿ ಮುಚ್ಚುತ್ತಿತ್ತು, ಮುಚ್ಚಿದರೆ ಮೊದಲು ಊರಿಗೆ ಹೋಗುವವರು ನಿಮ್ಮವರೇ ಎಂದ. ಸ್ಪರ್ಧೆಗೆಂದು ಮಾಡಿದ ಪ್ರತಿ ಗೆದ್ದಿತು, ಗೆದ್ದದ್ದನ್ನೇ ಗ್ರಾಹಕರು ಕೇಳಿದರು. ಕಂಪನಿ ಕೊಟ್ಟಿತು.

"ನನಗೆ ಯಾಕೆ ಹೇಳಲಿಲ್ಲ?" ಎಂದೆ.

"ನೀನು ಒಪ್ತಿರಲಿಲ್ಲ, ಅದಕ್ಕೆ. ಇಲ್ಲಿ ಕರೆಂಟು ಹೋಗಲ್ಲ ಅಂದುಕೊಂಡಿದ್ದೆ, ವಿಮಲಾ. ಇಷ್ಟು ವರ್ಷ ಒಂದು ಸಲವೂ ಹೋಗಿರಲಿಲ್ಲ."

ಅವನ ಮುಖದಲ್ಲಿ ನಾಚಿಕೆ ಇರಲಿಲ್ಲ, ಆಶ್ಚರ್ಯ ಇತ್ತು. ಕರೆಂಟು ತನಗೆ ಮೋಸ ಮಾಡಿತು ಎನ್ನುವ ಹಾಗೆ ಕೂತಿದ್ದ. ಸರಿಯಾದ ಡ್ರೈವರನ್ನು ಎಲ್ಲರಿಗೂ ಕಳಿಸೋಣ, ಆದರೆ ಕ್ಲಿನಿಕ್ಕಿಗೆ ಕಾರಣ ತಿಳಿಯಲಿಲ್ಲ ಎಂದು ಹೇಳಿಬಿಡು ಎಂದ. ಹಾಗೆ ಹೇಳಿದರೆ ಆ ನರ್ಸಿನ ಗತಿ ಏನು ಎಂದೆ. ಅವಳಿಗೆ ಬೇರೆ ಕೆಲಸ ಸಿಗುತ್ತದೆ ಎಂದ. ಲೈಸೆನ್ಸು ಹೋದ ನರ್ಸಿಗೆ ಯಾವ ಕೆಲಸ ಸಿಗುತ್ತದೆ? ಆಗದ ಕೆಲಸವನ್ನು ಆಯಿತು ಎನ್ನಬಾರದು ಎಂದು ನನಗೆ ಕಲಿಸಿದ ಬಾಯಿ ಅದೇ. ನನಗೆ ಅಳು ಬಂತು, ಅವನ ಎದುರಿಗೇ ಅತ್ತೆ. ಆಮೇಲೆ ಎದ್ದು ಬಂದೆ.

ಸೋಮವಾರ ರೋಸಳನ್ನೂ ಕರೆಸಿದ್ದರು, ಕ್ಯಾರಲ್ ಮುಂದೆ ಕೂತು ನಿಜ ಹೇಳಿದೆ. ಕಂಪನಿಯ ಅಭಿಪ್ರಾಯವೇ ಎಂದು ಅವಳು ಮತ್ತೆ ಕೇಳಿದಳು. ಕಂಪನಿಯ ಅಭಿಪ್ರಾಯ ಏನೇ ಇರಲಿ, ಬರೆದವಳು ಹೇಳುತ್ತಿದ್ದೇನೆ, ಮಂಡಳಿಯವರು ಕೇಳಿದರೆ ಅವರ ಮುಂದೆಯೂ ಪ್ಲಗ್ಗು ಕಿತ್ತು ತೋರಿಸುತ್ತೇನೆ ಎಂದೆ. ಕ್ಯಾರಲ್ ಒರಟು ಹೆಂಗಸಲ್ಲ. ಎದ್ದು ರೋಸಳ ಬಳಿಗೆ ಹೋಗಿ, ತಪ್ಪಾಯಿತು, ನಾಳೆಯಿಂದಲೇ ನಿನ್ನ ಡ್ಯೂಟಿಗೆ ಬಾ ಎಂದಳು. ಮಂಡಳಿಗೆ ಹೋಗಬೇಕಿದ್ದ ದೂರು ಅಲ್ಲಿಗೇ ನಿಂತಿತು. ಎಲ್ಲ ಸುಖಾಂತವಾಯಿತು ಎಂದು ನಾನು ಕೈಚೀಲ ತೆಗೆದುಕೊಂಡೆ. ರೋಸ್ ಅಂಗಿಗೆ ಸಿಕ್ಕಿಸಿದ್ದ ಬ್ಯಾಡ್ಜನ್ನು ಬಿಚ್ಚಿ ಮೇಜಿನ ಮೇಲಿಟ್ಟಳು.

"ಈ ಕ್ಲಿನಿಕ್ ಬಾಗಿಲು ತೆರೆದ ದಿನದಿಂದ ನಾನಿದೀನಿ, ಕ್ಯಾರಲ್. ಈ ಪೆಟ್ಟಿಗೆ ಬಂದು ವರ್ಷ ಆಗಿಲ್ಲ. ನೀವು ಅದರ ಮಾತು ನಂಬಿದ್ರಿ."

ನಾನು ಬೆಪ್ಪಾಗಿ ನಿಂತೆ. ಅವಳ ಕೆಲಸ ಉಳಿಸಲು ಬಂದವಳು ನಾನು, ಅವಳು ಅದನ್ನು ಕಸದ ಹಾಗೆ ಬಿಟ್ಟು ಹೊರಟಿದ್ದಳು. ಕ್ಯಾರಲ್ ಏನೇನೋ ಹೇಳಿದಳು, ರೋಸ್ ಕೇಳಿಸಿಕೊಳ್ಳಲಿಲ್ಲ.

ಇನ್ನೊಂದು ಆಘಾತ ಆ ವಾರವೇ ಕಾದಿತ್ತು. ಕ್ಲಿನಿಕ್ಕಿಗೆ ನಿಜ ಗೊತ್ತಾದ ಮೇಲೆ ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ, ಸರಿಯಾದ ಡ್ರೈವರನ್ನು, ಹಳೆಯದರಲ್ಲಿ ಏನು ಅಪಾಯವಿದೆ ಎಂಬ ವಿವರಣೆಯೊಂದಿಗೆ ಎಲ್ಲ ಗ್ರಾಹಕರಿಗೂ ಕಳಿಸಿದೆವು. ಜನ ಉರಿದುಬೀಳುತ್ತಾರೆ, ಕೋರ್ಟಿಗೆ ಎಳೆಯುತ್ತಾರೆ ಎಂದು ನಾವು ಕಾದೆವು. ಫೋನುಗಳು ಬಂದವು. ಹೊಸದು ನಿಧಾನವಾಗಿದೆ, ಹಳೆಯದನ್ನೇ ವಾಪಸ್ ಹಾಕಬಹುದೇ ಎಂದು ಕೇಳಿದರು. ಒಬ್ಬ ಮಹರಾಯ, ಕರೆಂಟು ಹೋದಾಗ ತಾನೇ ತೊಂದರೆ, ಹೋದಾಗ ನೋಡಿಕೊಳ್ಳೋಣ ಎಂದ. ಡಗ್‌ನನ್ನು ಸುಳ್ಳಿಗೆ ಇಳಿಸಿದವರು ಯಾರೆಂದು ಆಗ ಅರ್ಥವಾಯಿತು, ಆದರೂ ಅವನನ್ನು ಕ್ಷಮಿಸಲು ನನ್ನಿಂದ ಆಗಲಿಲ್ಲ. ಮುಂದೆ ಡಾಟ್‌ಕಾಂ ಗುಳ್ಳೆ ಒಡೆದು ಎಲ್ಲರ ಜೊತೆ ನಮ್ಮ ಕಂಪನಿಯೂ ಮುಳುಗಿತು, ಬೇರೆಯದೇ ಕಾರಣಕ್ಕೆ. ಈಗಿನ ಅಡಾಪ್ಟರುಗಳಿಗೆ ಬ್ಯಾಟರಿ ಇರುತ್ತದೆ, ಎಷ್ಟೋ ಡಿಸ್ಕುಗಳಲ್ಲಿ ತಿರುಗುವ ತಟ್ಟೆಯೇ ಇಲ್ಲ, ಎಷ್ಟೋ ಡ್ರೈವರುಗಳ ಒಳಗನ್ನು ಯಾರು ಬೇಕಾದರೂ ತೆರೆದು ಓದಬಹುದು. ಒಳ್ಳೆಯದೇ. ಆದರೆ ಬೇಗ ಹೇಳಿದವನಿಗೆ ಬಹುಮಾನ ಕೊಡುವುದು ನಿಂತಿಲ್ಲ, ಅದನ್ನು ನೆನಪಿಟ್ಟುಕೊಳ್ಳಮ್ಮ.

ಒಂದು ಶನಿವಾರ ರೋಸ್ ಫೋನು ಮಾಡಿದಳು. ಆ ರೋಗಿ ಡಬ್ಲಿನ್ ಪಕ್ಕದ ಡ್ಯಾನ್‌ವಿಲ್ಲಿನ ಮನೆಯಲ್ಲಿದ್ದಾರೆ, ಅವರ ಹೆಂಡತಿ ಆಸ್ಪತ್ರೆಯ ಮೆಟ್ಟಿಲ ಮೇಲೆ ತನ್ನನ್ನು ಕೊಲೆಗಾರ್ತಿ ಎಂದಿದ್ದಾರೆ, ಕ್ಯಾರಲ್ ಹೇಳುವುದಕ್ಕಿಂತ ನೀವು ಬಂದು ಹೇಳಿ ಎಂದಳು. ಹೋದೆ. ವೃದ್ಧ ಕಿಟಕಿಯ ಬಳಿ ಕೂತಿದ್ದ, ಕಾಲಿನ ಮೇಲೆ ಕಂಬಳಿ. ಹೆಂಡತಿ ರೋಸಳನ್ನು ನೋಡಿ ಬಾಗಿಲಿನಲ್ಲೇ ಮುಖ ತಿರುಗಿಸಿದಳು, ನನ್ನ ಒತ್ತಾಯಕ್ಕೆ ಒಳಗೆ ಬಿಟ್ಟಳು. ಡ್ರೈವರ್ ಎಂದರೆ ಏನೆಂದು ಪೋಸ್ಟಿನ ಉದಾಹರಣೆ ಕೊಟ್ಟು ನಾನು ವಿವರಿಸಿದೆ. ಎಷ್ಟೋ ಜನರಿಗೆ ಅದನ್ನು ವಿವರಿಸಿದ್ದೇನೆ, ಅವತ್ತಿನಷ್ಟು ಕಷ್ಟ ಎಂದೂ ಆಗಿಲ್ಲ. ಕೇಳುತ್ತಿದ್ದ ಮನುಷ್ಯ ಅದರಿಂದ ಸಾಯುವುದರಲ್ಲಿದ್ದವನು. ರೋಸ್ ಎಲ್ಲವನ್ನೂ ಬರೆದಿದ್ದಳು, ಬರೆದಿಡದೆ ಬರೆದಿಟ್ಟೆ ಎಂದದ್ದು ನಮ್ಮ ಡ್ರೈವರು ಎಂದು ಮುಗಿಸಿದೆ.

ಹೆಂಡತಿ ರೋಸಳನ್ನು, ಈಗ ಎಲ್ಲಿ ಕೆಲಸ ಮಾಡುತ್ತೀಯ ಎಂದು ಕೇಳಿದಳು. ಇನ್ನೂ ಎಲ್ಲೂ ಇಲ್ಲ, ಹುಡುಕುತ್ತಿದ್ದೇನೆ ಎಂದಳು ರೋಸ್. ಮುದುಕ ಕಂಬಳಿಯೊಳಗಿಂದ ಎಡಗೈ ಹೊರಗೆ ತೆಗೆದ. ಸೂಜಿ ಚುಚ್ಚಿ ಚುಚ್ಚಿ ನರ ಉಬ್ಬಿದ ಕೈ. ಅದನ್ನು ಹಾಗೇ ರೋಸಳ ಕಡೆ ಚಾಚಿದ.

"ಬೇಗ ಹುಡುಕು," ಎಂದ. "ಎಲ್ಲಿ ಸೇರ್ತೀಯೋ ಹೇಳು, ನಾನು ಅಲ್ಲಿಗೆ ಬರ್ತೀನಿ. ನನಗೆ ಸೂಜಿ ಹಾಕೋಳು ನೀನೇ."

ರೋಸ್ ಆ ಕೈ ಹಿಡಿದು, ಅಭ್ಯಾಸಬಲದಿಂದ, ನಾಡಿ ನೋಡತೊಡಗಿದಳು. ಅವಳ ಕಣ್ಣಿನಿಂದ ನೀರು ಸುರಿಯುತ್ತಿತ್ತು, ಎಣಿಸುವುದನ್ನು ಮಾತ್ರ ಬಿಡಲಿಲ್ಲ. ಹೆಂಡತಿ ನನ್ನ ಕಡೆ ತಿರುಗಿ, ನೀವು ಇನ್ನು ಹೊರಡಬಹುದು ಎಂದಳು.